ಡೊನೊವನ್ ರೆಕಾರ್ಡ್‌ಗಳು: ಯಾವುದರಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ಹೊಸ ಸೂಜಿ, ಗ್ಲಾಸ್ಗೋ
ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಒಬ್ಬರು ಮನೆ ಖಾಲಿ ಮಾಡುವಾಗ ಹಳೇ ಟರ್ನ್‌ಟೇಬಲ್ ಕೊಟ್ಟು ಹೋದರು. ಜೊತೆಗೆ ಒಂದೇ ಒಂದು ಸಿಂಗಲ್ (ಬದಿಗೊಂದು ಹಾಡಿನ ಸಣ್ಣ ರೆಕಾರ್ಡ್), ಸ್ಕಾಟಿಷ್ ಗಾಯಕ ಡೊನೊವನ್‌ನ 'ಕ್ಯಾಚ್ ದ ವಿಂಡ್'. ಒಂದು ತಿಂಗಳಿಂದ ಮನೆಯಲ್ಲಿ ಅದೇ ಹಾಡು. ನಾಲ್ಕು ವರ್ಷದ ಮಗಳಿಗೂ ಬಾಯಿಪಾಠ ಆಗಿದೆ. ಇನ್ನು ಮೂರು ಎಲ್‌ಪಿ (ಹಲವು ಹಾಡಿನ ದೊಡ್ಡ ರೆಕಾರ್ಡ್) ತಗೋಬೇಕು ಅಂತ ಆಸೆ. ಬಜೆಟ್ ಒಟ್ಟು 80 ಪೌಂಡ್, ಅದರ ಮೇಲೆ ಆಗಲ್ಲ. ಹತ್ತಿರದ ಚಾರಿಟಿ ಅಂಗಡಿಯಲ್ಲಿ 1969ರ 'ಗ್ರೇಟೆಸ್ಟ್ ಹಿಟ್ಸ್' ಇದೆ, ಎಪಿಕ್ ಲೇಬಲ್‌ನ, ಅಂದರೆ ಆ ರೆಕಾರ್ಡ್ ಕಂಪನಿಯ, ಅಮೆರಿಕನ್ ಪ್ರತಿ, 6 ಪೌಂಡ್. ಅದು ಸಾಕಾ? ಮಗಳೂ ಕೇಳುವಂಥದ್ದು ಏನಾದರೂ ಇದೆಯಾ?

ಲೀತ್ ಕಡೆಯವಳು
ಆ ಆರು ಪೌಂಡಿನದಕ್ಕೆ ಕೈ ಹಾಕಬೇಡಿ. ನಾನು ಹಾಕಿ ಸುಟ್ಟುಕೊಂಡಿದ್ದೇನೆ.

ನನಗೂ 'ಕ್ಯಾಚ್ ದ ವಿಂಡ್' ಹುಚ್ಚು. ಮನೆಗೆ ತಂದೆ, ಟೀ ಮಾಡಿಕೊಂಡು ಕೂತೆ, ಸೂಜಿ ಇಟ್ಟೆ. ಒಂದು ಗಿಟಾರು, ಒಬ್ಬ ಹುಡುಗ ಇರಬೇಕಾದ ಕಡೆ ಪೂರ್ತಿ ಬ್ಯಾಂಡು! ಹಾಡು ಬೇರೆ ಎಳೆದೂ ಎಳೆದೂ ಮುಗಿಯಲೇ ಇಲ್ಲ. ಟರ್ನ್‌ಟೇಬಲ್ ನಿಧಾನ ಓಡುತ್ತಿದೆ ಅಂದುಕೊಂಡು ಅದನ್ನು ತಿರುಗಿಸುವ ಬೆಲ್ಟ್ ಬಿಚ್ಚಿ ನೋಡಿದೆ. ಹೊಸ ಬೆಲ್ಟಿಗೆ 11 ಪೌಂಡ್ ಸುರಿದೆ. ಹಾಡು ಹಾಗೇ ಇತ್ತು. ಆಮೇಲೆ ವಿಷಯ ಗೊತ್ತಾಯ್ತು. 1965ರ ಹಾಡುಗಳ ಹಕ್ಕು ಅಮೆರಿಕದಲ್ಲಿ ಹಿಕರಿ ಕಂಪನಿಯ ಹತ್ತಿರ ಇತ್ತು. ಎಪಿಕ್‌ನವರಿಗೆ ಅದು ಸಿಗಲಿಲ್ಲ. ಅದಕ್ಕೆ 'ಕ್ಯಾಚ್ ದ ವಿಂಡ್', 'ಕಲರ್ಸ್' ಎರಡನ್ನೂ ಮತ್ತೆ ಹಾಡಿಸಿ ಸೇರಿಸಿಬಿಟ್ಟರು.

ಸರಿ, ಮೂಲದ್ದೇ ಬೇಕು ಅಂತ ಮೊದಲ ಎಲ್‌ಪಿ 'ವಾಟ್ಸ್ ಬಿನ್ ಡಿಡ್ ಆ್ಯಂಡ್ ವಾಟ್ಸ್ ಬಿನ್ ಹಿಡ್' ಹುಡುಕಿದೆ. ಪೈ ಕಂಪನಿಯದು, 28 ಪೌಂಡ್. ಎರಡನೇ ಬದಿ ಹಾಕಿದರೆ ಸಾಸಿವೆ ಒಗ್ಗರಣೆ ಸಿಡಿದ ಹಾಗೆ ಸದ್ದು. ಇರಲಿ ಅಂದುಕೊಂಡೆ. ನೋಡಿದರೆ ಅದರಲ್ಲಿರುವ 'ಕ್ಯಾಚ್ ದ ವಿಂಡ್' ಕೂಡ ಬೇರೆ! ಸಿಂಗಲ್‌ನಲ್ಲಿರುವ ವಯಲಿನ್‌ಗಳು ಇಲ್ಲ, ಮೌತ್ ಆರ್ಗನ್ ಇದೆ. ಈಗ ನನ್ನ ಹತ್ತಿರ ಮೂರೂ ಥರದ್ದು ಇವೆ. ಕೇಳೋದು ಮಾತ್ರ ಕೊನೆಗೆ ತಂದ ಸಿಂಗಲ್ಲೇ, ಅದೂ 2 ಪೌಂಡಿಗೆ ಸಿಕ್ಕಿದ್ದು.

ಮೊನೊ ಮಾತ್ರ
ಮೇಲಿನವರದು ಏನು ಮಹಾ ನಷ್ಟ ಬಿಡಿ. 'ಸನ್‌ಶೈನ್ ಸೂಪರ್‌ಮ್ಯಾನ್' ಎಲ್‌ಪಿ ಕಥೆ ನನ್ನ ಕೇಳಿ.

ಮೊದಲು ಬ್ರಿಟಿಷ್ ಪ್ರತಿ ತಗೊಂಡೆ, 34 ಪೌಂಡ್. ನನಗೆ ಬೇಕಿದ್ದದ್ದು 'ದ ಟ್ರಿಪ್' ಮತ್ತು 'ದ ಫ್ಯಾಟ್ ಏಂಜೆಲ್' ಹಾಡುಗಳು. ಎರಡೂ ಇಲ್ಲ. ಹೆಸರು ಅದೇ, ಒಳಗಿನ ಸರಕು ಬೇರೆ. ಅಮೆರಿಕದಲ್ಲಿ ಈ ಎಲ್‌ಪಿ 1966ರಲ್ಲೇ ಬಂತು. ಇಲ್ಲಿ ಕಾಂಟ್ರಾಕ್ಟ್ ಜಗಳದಿಂದ 1967ರ ತನಕ ಬರಲೇ ಇಲ್ಲ. ಬಂದಾಗ ಅದಕ್ಕೂ 'ಮೆಲೊ ಯೆಲೊ' ಎಲ್‌ಪಿಗೂ ಗಂಟು ಹಾಕಿ ಒಂದೇ ಮಾಡಿದ್ದರು. 'ಮೆಲೊ ಯೆಲೊ' ಅಂತ ಬೇರೆ ಎಲ್‌ಪಿ ಆಗ ಈ ದೇಶದಲ್ಲಿ ಬರಲೇ ಇಲ್ಲ.

ಹಟ ಬಂತು. ಅಮೆರಿಕದಿಂದ ತರಿಸಿದೆ. 2018ರ ಮಾತು. ರೆಕಾರ್ಡಿಗೆ 41, ಅಂಚೆಗೆ 19, ಎರಡರ ಮೇಲೂ 20% ವ್ಯಾಟ್ ಅಂತ 12, ಆ ವ್ಯಾಟ್ ವಸೂಲಿ ಮಾಡಿಕೊಟ್ಟ ಉಪಕಾರಕ್ಕೆ 8. ಒಟ್ಟು 80 ಪೌಂಡ್. ಬಿಚ್ಚಿದರೆ ರೆಕಾರ್ಡ್ ಹಪ್ಪಳದ ಹಾಗೆ ಡೊಂಕು. ಎರಡು ಗಾಜಿನ ನಡುವೆ ಇಟ್ಟು, ಮೇಲೆ ಕನ್ನಡ ನಿಘಂಟಿನ ಎರಡು ದಪ್ಪ ಸಂಪುಟ ಹೇರಿ ಮೂರು ವಾರ ಬಿಟ್ಟೆ. ಡೊಂಕು ಹೋಯ್ತು. ಆಗ ಲಕೋಟೆ ಮೇಲಿನ ಸಣ್ಣ ಅಕ್ಷರ ಓದಿದೆ. ಅದು ಮೊನೊ (ಎಲ್ಲ ಸದ್ದೂ ಒಂದೇ ಕಡೆಯಿಂದ ಬರುವ) ಟೇಪನ್ನೇ ಎರಡು ಕಡೆಗೆ ಹರಿಸಿ ಮಾಡಿದ ಹುಸಿ ಸ್ಟೀರಿಯೊ! ಬಾವಿಯೊಳಗೆ ಬಗ್ಗಿ ಕೂಗಿದ ಹಾಗೆ ಕೇಳುತ್ತೆ. ಮೂರನೇ ಸಲ ಮೊನೊ ಪ್ರತಿ, 55 ಪೌಂಡ್. ಒಂದು ಎಲ್‌ಪಿಗೆ 169 ಪೌಂಡ್ ಆಯ್ತು ಸ್ವಾಮಿ. ಹೆಂಡತಿಗೆ ಹೇಳಿದ್ದು 34 ಅಂತ ಮಾತ್ರ. ಆದರೆ ಅದರಲ್ಲಿರುವ 'ಸೀಸನ್ ಆಫ್ ದ ವಿಚ್' ಮೊನೊದಲ್ಲಿ ಕೇಳದೆ ಇದ್ದವರು ಡೊನೊವನ್ ಬಗ್ಗೆ ಮಾತೇ ಆಡಬಾರದು.

ಲೀತ್ ಕಡೆಯವಳು
"ಏನು ಮಹಾ ನಷ್ಟ" ಅಂದರೆ ಏನರ್ಥ? ಲಕೋಟೆ ಓದದೆ ದುಡ್ಡು ಕೊಟ್ಟವರು ನೀವು. ನನ್ನ ಪ್ರತಿಯಲ್ಲಿ ಎಲ್ಲೂ "ಮತ್ತೆ ಹಾಡಿಸಿದ್ದು" ಅಂತ ಬರೆದಿರಲಿಲ್ಲ.

ಮೊನೊ ಮಾತ್ರ
ಬೆಲ್ಟ್ ಬಿಚ್ಚಿದವರು ಯಾರೋ.

ತಂಬೂರಿ, ಧಾರವಾಡ
ನಾನು ಈ ಮನುಷ್ಯನ ಹಾಡಿಗೆ ಬಂದದ್ದು ಬೇರೆ ದಾರಿಯಿಂದ. 1968ರಲ್ಲಿ ಬೀಟಲ್ಸ್ ಜೊತೆ ಹೃಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಯವರ ಆಶ್ರಮದಲ್ಲಿ ಇದ್ದವರಲ್ಲಿ ಇವರೂ ಒಬ್ಬರು. ಬೀಟಲ್ಸ್‌ನ ಜಾನ್ ಲೆನನ್‌ಗೆ ಬೆರಳಿನಿಂದ ತಂತಿ ಮೀಟೋದು ಕಲಿಸಿದ್ದು ಇವರೇ. ಅದೇ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಕೊಟ್ಟ ತಂಬೂರಿಯನ್ನೇ 'ಹರ್ಡಿ ಗರ್ಡಿ ಮ್ಯಾನ್' ಹಾಡಿನಲ್ಲಿ ಬಳಸಿದೆ ಅಂತ ಡೊನೊವನ್ ಅವರೇ ಹೇಳಿಕೊಂಡಿದ್ದಾರೆ. ತಂಬೂರಿ ಅಂದ ಮೇಲೆ ನಮಗೆ ಕಿವಿ ನೆಟ್ಟಗಾಗದೆ ಇರುತ್ತಾ?

ಆ ಹಾಡಿರುವ ಎಲ್‌ಪಿ ತರಿಸಲು ನಾನು ಪಟ್ಟ ಪಾಡು ಕೇಳಿ. ರೆಕಾರ್ಡಿಗೆ 2,300 ರೂಪಾಯಿ, ಸಾಗಾಟಕ್ಕೆ 1,950, ಕಸ್ಟಮ್ಸ್‌ನಲ್ಲಿ 1,610. ಒಟ್ಟು 5,860. ಅಲ್ಲೆಲ್ಲೋ 23 ದಿನ ಕೂತಿತ್ತು, ಅದೂ ಆಷಾಢದ ಮಳೆಯಲ್ಲಿ. ಲಕೋಟೆ ಬಿಚ್ಚಿದಾಗ ಬೂಷ್ಟಿನ ವಾಸನೆ ಗಪ್ ಅಂತ ಬಡಿಯಿತು. ಹತ್ತಿಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಕಣ್ಣು ಮುಚ್ಚಿ ಕೇಳಲು ಕೂತರೆ ತಂಬೂರಿ ಇದೆ, ಇಲ್ಲ ಅನ್ನಲ್ಲ. ಆದರೆ ಜವಾರಿ, ಅಂದರೆ ತಂತಿ ಝೇಂಕರಿಸುವ ಹದ, ಸರಿಯಾಗಿ ಕೂತಿಲ್ಲ. ಸ್ವರ ತೆರೆದುಕೊಳ್ಳೋದೇ ಇಲ್ಲ, ಸುಮ್ನೆ ಹಿಂದೆ ಗುಂಯ್ ಅನ್ನುತ್ತೆ. ಅದರ ಮೇಲೆ ಆ ಎಲೆಕ್ಟ್ರಿಕ್ ಗಿಟಾರು ಬಂದು ಗರಗಸ ಎಳೆಯುತ್ತೆ.

ಸೆಷನ್ ಚೀಟಿ
ಆ ಗರಗಸ ಎಳೆದದ್ದು ಜಿಮ್ಮಿ ಪೇಜ್ ಸ್ವಾಮಿ! ಲೆಡ್ ಝೆಪೆಲಿನ್ ರಾಕ್ ಬ್ಯಾಂಡ್ ಶುರುವಾಗುವ ಮೊದಲಿನ ಪೇಜ್. ಡ್ರಮ್ಸ್ ಜಾನ್ ಬಾನಮ್. ಈ ಹಾಡು ಕೇಳಿದರೆ ಆ ಬ್ಯಾಂಡ್ ಹುಟ್ಟುವ ನೋವು ಕೇಳಿಸುತ್ತೆ. ಗರಗಸ ಅಂತೆ.

ಮೊನೊ ಮಾತ್ರ
ಮತ್ತೆ ಅದೇ ರಾಗ. ಆ ಹಾಡಿಗೆ ವಾದ್ಯ ಸಂಯೋಜನೆ ಮಾಡಿ ಬೇಸ್ ಬಾರಿಸಿದ್ದು ಜಾನ್ ಪಾಲ್ ಜೋನ್ಸ್. ಅವರೇ ಹೇಳಿದ್ದು: ಗಿಟಾರ್ ಅಲನ್ ಪಾರ್ಕರ್, ಡ್ರಮ್ಸ್ ಕ್ಲೆಮ್ ಕಟೀನಿ. ಸ್ಟುಡಿಯೊದಲ್ಲಿ ಇದ್ದ ಮನುಷ್ಯನ ಮಾತು ನಂಬಬೇಕೋ, ನಿಮ್ಮದೋ?

ಸೆಷನ್ ಚೀಟಿ
ಡೊನೊವನ್ ಕೂಡ ಸ್ಟುಡಿಯೊದಲ್ಲಿ ಇದ್ದ ಅನ್ಸುತ್ತೆ ಅಲ್ವಾ? ಹಾಡಿದ್ದೇ ಅವನು! ಅವನು ವರ್ಷಗಟ್ಟಲೆ ಪೇಜ್ ಹೆಸರು ಹೇಳಿದ್ದಾನೆ. ನಾನು ಅದನ್ನು ನಂಬಿಯೇ ಸಿಂಗಲ್‌ಗೆ 20 ಪೌಂಡ್ ಕೊಟ್ಟಿದ್ದು.

ತಂಬೂರಿ, ಧಾರವಾಡ
1946ರಲ್ಲಿ ಹುಟ್ಟಿದ ಹಿರಿಯರು. "ಅವನು", "ಹೇಳಿದ್ದಾನೆ" ಏನ್ರೀ ಇದು? ನಿಮ್ಮ ಸೋದರಮಾವನ ಮಗನಾ?

ಸೆಷನ್ ಚೀಟಿ
ರಾಜ್‌ಕುಮಾರ್‌ಗೂ "ಅಣ್ಣ ಬಂದ" ಅಂತಾರೆ. ಪ್ರೀತಿ ಇದ್ದ ಕಡೆ ಬಹುವಚನ ಬರಲ್ಲ.

ಕ್ಲೈಡ್ ದಂಡೆ
ನನಗೆ ನಗು ಬರೋದು ಎಲ್ಲರೂ ಇವರನ್ನು "ಸ್ಕಾಟಿಷ್ ಗಾಯಕ" ಅನ್ನೋದಕ್ಕೆ. ಹುಟ್ಟಿದ್ದು ಗ್ಲಾಸ್ಗೋದ ಮೇರಿಹಿಲ್ ನಿಜ. ಹತ್ತು ವರ್ಷಕ್ಕೇ ಕುಟುಂಬ ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿಗೆ ಹೋಯ್ತು. ಗಿಟಾರ್ ಹಿಡಿದದ್ದು ಅಲ್ಲಿ.

ನಿಜವಾದ ಗಿಟಾರ್ ಬೇಕಾ? ಬರ್ಟ್ ಜಾನ್ಶ್ ಕೇಳಿ. ಗ್ಲಾಸ್ಗೋದಲ್ಲಿ ಹುಟ್ಟಿ ಎಡಿನ್‌ಬರಾದಲ್ಲಿ ಬೆಳೆದವರು. 1965ರ ಮೊದಲ ಎಲ್‌ಪಿ ಲಂಡನ್‌ನ ಒಂದು ಫ್ಲ್ಯಾಟಿನಲ್ಲಿ ರೆಕಾರ್ಡ್ ಆದದ್ದು. ಗಿಟಾರ್ ಕೂಡ ಸಾಲ ತಂದದ್ದು. ಟ್ರಾನ್ಸ್‌ಅಟ್ಲಾಂಟಿಕ್ ಕಂಪನಿ ಅದಕ್ಕೆ ಕೊಟ್ಟದ್ದು 100 ಪೌಂಡ್. ನಿಜವಾದ ಗಿಟಾರ್ ಯಾರದು ಅಂತ ಡೊನೊವನ್‌ಗೇ ಗೊತ್ತಿತ್ತು. 'ಫೇರಿಟೇಲ್' ಎಲ್‌ಪಿಯಲ್ಲಿ ಜಾನ್ಶ್ ಬರೆದ ಹಾಡು ಹಾಡಿದ್ದಾರೆ. ಆಮೇಲೆ 'ಬರ್ಟ್ಸ್ ಬ್ಲೂಸ್', 'ಹೌಸ್ ಆಫ್ ಜಾನ್ಶ್' ಅಂತ ಎರಡು ಹಾಡಿಗೆ ಅವರ ಹೆಸರೇ ಇಟ್ಟರು. ನಾನು ಡೊನೊವನ್‌ನ ಏಳು ಎಲ್‌ಪಿ ಮಾರಿ ಜಾನ್ಶ್‌ನ ಎರಡು ತಗೊಂಡೆ. ಏಳಕ್ಕೆ ಸಿಕ್ಕಿದ್ದು 52 ಪೌಂಡ್, ಎರಡಕ್ಕೆ ಕೊಟ್ಟದ್ದು 140. ಒಂದು ದಿನವೂ ಬೇಜಾರಾಗಿಲ್ಲ. 'ಫೇರಿಟೇಲ್' ಮಾತ್ರ ಮಾರಬಾರದಿತ್ತು. ಅದರಲ್ಲಿ 'ಸನಿ ಗೂಜ್ ಸ್ಟ್ರೀಟ್' ಇತ್ತು.

ಲೀತ್ ಕಡೆಯವಳು
ಹತ್ತು ವರ್ಷಕ್ಕೆ ಊರು ಬಿಟ್ಟರೆ ಆ ಊರಿನವರಲ್ಲ ಅಂದರೆ, ಇಲ್ಲಿ ಬರೆಯುತ್ತಿರುವ ಅರ್ಧ ಜನ ಕನ್ನಡಿಗರೇ ಅಲ್ಲ. 1970ರ 'ಓಪನ್ ರೋಡ್'ನಲ್ಲಿ 'ಕೆಲ್ಟಿಕ್ ರಾಕ್' (ಕೆಲ್ಟಿಕ್ ಅಂದರೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯದು) ಅಂತ ಹಾಡೇ ಇದೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಪಕ್ಕ ಮೂರು ಪುಟ್ಟ ದ್ವೀಪ ಕೊಂಡಿದ್ದರು. ಇನ್ನೇನು, ಮೈಮೇಲೆ ಹಚ್ಚೆ ಹಾಕಿಸಬೇಕಿತ್ತಾ?

ಕ್ಲೈಡ್ ದಂಡೆ
ದ್ವೀಪ ಕೊಂಡರೆ ಸ್ಕಾಟಿಷ್ ಆಗೋದಾದರೆ, ಬೇಕಾದಷ್ಟು ಶ್ರೀಮಂತರು ಸ್ಕಾಟಿಷ್.

ಎರಡು ಮಕ್ಕಳ ತಾಯಿ
ಜಗಳದ ನಡುವೆ ನನ್ನದೂ ಒಂದು. 'ಎ ಗಿಫ್ಟ್ ಫ್ರಮ್ ಎ ಫ್ಲವರ್ ಟು ಎ ಗಾರ್ಡನ್', 1967ರ ಡಬ್ಬದ ಸೆಟ್. ಎರಡು ರೆಕಾರ್ಡು. ಮೊದಲನೆಯದು ಬ್ಯಾಂಡ್ ಜೊತೆ, ಎರಡನೆಯದು ಹೆಚ್ಚಾಗಿ ಗಿಟಾರಿನಲ್ಲೇ 'ಫಾರ್ ಲಿಟಲ್ ಒನ್ಸ್' ಅಂತ ಪುಟ್ಟ ಮಕ್ಕಳಿಗಾಗಿ. ಡಬ್ಬದ ಹಿಂದೆ ಮಹರ್ಷಿಯವರ ಜೊತೆ ನಿಂತ ಫೋಟೊ. ಒಳಗೆ ಹಾಡಿನ ಸಾಲು, ಚಿತ್ರ ಇರುವ ಬಿಡಿ ಹಾಳೆಗಳು ಇರಬೇಕು.

ಇರಬೇಕು ಅಂದೆ. ನಾನು 45 ಪೌಂಡ್ ಕೊಟ್ಟು ತಂದದ್ದರಲ್ಲಿ ಹಾಳೆ ಒಂದೂ ಇರಲಿಲ್ಲ. ಮಾರಿದವನಿಗೆ ಕೇಳಿದರೆ "ಹಾಳೆ ಇದೆ ಅಂತ ನಾನು ಹೇಳಿದ್ನಾ" ಅಂದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಹಾಳೆಗಾಗಿ ಮೂಲೆ ಒಡೆದ ಇನ್ನೊಂದು ಡಬ್ಬ ತಂದೆ, 30 ಪೌಂಡ್. ಅದರಲ್ಲೂ ಕೆಲವು ಹಾಳೆ ಕಡಿಮೆ. ಒಳ್ಳೆ ಡಬ್ಬಕ್ಕೆ ಇದರ ಹಾಳೆ ಸೇರಿಸಿ ಇಟ್ಟೆ. ಅದೇ ವಾರ ಚಿಕ್ಕವಳು ಮಹರ್ಷಿಗಳ ಗಡ್ಡಕ್ಕೆ ಹಸಿರು ಕ್ರೇಯಾನ್ ಹಚ್ಚಿದಳು. ತಲೆ ಮೇಲೆ ಒಂದು ಕಾಗೆ ಬೇರೆ ಬರೆದಿದ್ದಾಳೆ. ಬೈಯಲು ಬಾಯಿ ತೆರೆದೆ, ಅವಳು 'ಐಲ್ ಆಫ್ ಐಲಾ' ಗುನುಗುತ್ತಾ ಕೂತಿದ್ದಳು. ಸುಮ್ಮನಾದೆ. ಆ ಡಬ್ಬ ಯಾರು ಕೇಳಿದರೂ ಕೊಡಲ್ಲ.

ಇನ್ನೊಂದಿದೆ, 1971ರ 'ಎಚ್ಎಮ್ಎಸ್ ಡೊನೊವನ್'. ಲೂಯಿಸ್ ಕ್ಯಾರಲ್, ಎಡ್ವರ್ಡ್ ಲಿಯರ್, ಯೇಟ್ಸ್ ಪದ್ಯಗಳಿಗೆ ರಾಗ ಹಾಕಿದ ಎರಡು ರೆಕಾರ್ಡಿನ ಸೆಟ್, ಡಾನ್ ಲೇಬಲ್. ನಮ್ಮನೇಲಿ ಮಲಗುವ ಹೊತ್ತಿಗೆ ಅದೇ. ದುಬಾರಿ. ಬೆಲೆ ಕೇಳಬೇಡಿ, ಗಂಡನೂ ಇಲ್ಲಿ ಓದುತ್ತಾರೆ.

ಸೆಷನ್ ಚೀಟಿ
ಮಕ್ಕಳ ಪದ್ಯಕ್ಕೆ ದುಬಾರಿ ದುಡ್ಡು! ಅದೇ ಹಣದಲ್ಲಿ 1969ರ 'ಬರಾಬಜಾಗಲ್' ಬರುತ್ತೆ. ಅದರ ಕೆಲವು ಹಾಡಿಗೆ ಜೆಫ್ ಬೆಕ್ ಗ್ರೂಪ್ ಎಂಬ ರಾಕ್ ಬ್ಯಾಂಡ್ ಬಾರಿಸಿದ್ದು. ಅದರಲ್ಲಿ 'ಅಟ್ಲಾಂಟಿಸ್' ಕೂಡ ಇದೆ.

ಎರಡು ಮಕ್ಕಳ ತಾಯಿ
ಯಾರು ಬಾರಿಸಿದರು ಅಂತ ಲೆಕ್ಕ ಹಾಕೋದರಲ್ಲೇ ನಿಮ್ಮ ಜೀವನ ಹೋಯ್ತು. ಹಾಡು ಯಾವಾಗ ಕೇಳ್ತೀರಿ?

1996 ಪಕ್ಷ
ಎಲ್ಲರೂ 1971ಕ್ಕೇ ನಿಂತುಬಿಟ್ಟರಲ್ಲ. 1996ರ 'ಸೂತ್ರಾಸ್' ಯಾರೂ ಹೇಳೋದಿಲ್ಲ. ರಿಕ್ ರೂಬಿನ್ ನಿರ್ಮಾಣ. ಮತ್ತೆ ಹೆಚ್ಚಾಗಿ ಗಿಟಾರು, ದನಿ. ನಾನು ಸಿಡಿಯಲ್ಲಿ 4 ಪೌಂಡಿಗೆ ತಗೊಂಡೆ. ಡೊಂಕಿಲ್ಲ, ಬೂಷ್ಟಿಲ್ಲ, ಹುಸಿ ಸ್ಟೀರಿಯೊ ಇಲ್ಲ.

ಮೊನೊ ಮಾತ್ರ
ಸಿಡಿ ಅಂದ್ರಾ?

1996 ಪಕ್ಷ
ಹೌದು. ನಿಘಂಟನ್ನು ನಾನು ಓದಲು ಇಟ್ಟುಕೊಂಡಿದ್ದೇನೆ.

ಹೊಸ ಸೂಜಿ, ಗ್ಲಾಸ್ಗೋ
ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಶನಿವಾರ ಚಾರಿಟಿ ಅಂಗಡಿಗೆ ಹೋಗಿದ್ದೆ. ತಗೋಬಾರದು ಅಂತಲೇ ಹೋದೆ, ಸುಮ್ನೆ ಲೇಬಲ್ ನೋಡೋಣ ಅಂತ. ಆ ಆರು ಪೌಂಡಿನದು ಮಾರಿಹೋಗಿತ್ತು. ಈಗ ಅದೇ ಬೇಕು ಅನ್ನಿಸ್ತಿದೆ. 80 ಪೌಂಡಿನಲ್ಲಿ ಏನು ತಗೋಬೇಕು ಅಂತ ಯಾರಾದರೂ ಒಂದೇ ಮಾತಿನಲ್ಲಿ ಹೇಳ್ತೀರಾ?

ಮೊನೊ ಮಾತ್ರ
ನೋಡಿದ್ರಾ? ಆ ಎಲ್‌ಪಿಯಲ್ಲಿ ಏನು ಇಲ್ಲ ಅಂತಷ್ಟೇ ಹೇಳಿ ಲೀತ್‌ನವರು ಹೆದರಿಸಿದರು. ಬ್ಯಾಂಡ್ ಬಂದರೆ ಬಂತು. 'ಸನ್‌ಶೈನ್ ಸೂಪರ್‌ಮ್ಯಾನ್' ಹಾಡು ಪೂರ್ತಿ ಉದ್ದಕ್ಕೆ, ನಿಜವಾದ ಸ್ಟೀರಿಯೊದಲ್ಲಿ ಮೊದಲು ಬಂದದ್ದೇ ಅದರಲ್ಲಿ. ಮೊನೊ ಭಕ್ತ ನಾನೇ ಒಪ್ಪಿಕೊಳ್ತೀನಿ.

ಲೀತ್ ಕಡೆಯವಳು
ಹಾಗಾದರೆ ಮೊದಲೇ ಹೇಳಬೇಕಿತ್ತು. ನಿಮ್ಮ 169 ಪೌಂಡಿನ ಪುರಾಣದಲ್ಲಿ ಜಾಗ ಸಿಗಲಿಲ್ವಾ?

ಸೆಷನ್ ಚೀಟಿ
ಆ ಗಿಟಾರ್ ಪೇಜ್‌ದೇ. ಇನ್ನೊಂದು ಸಲ ಕೇಳಿ, 20 ಪೌಂಡಿನ ಸಿಂಗಲ್‌ನಲ್ಲಿ.

ತಂಬೂರಿ, ಧಾರವಾಡ
ಯಾರೇ ಆಗಿರಲಿ, ತಂಬೂರಿ ಮುಚ್ಚಿಹಾಕಿದ್ದು ತಪ್ಪು. ಜಾರ್ಜ್ ಬರೆದುಕೊಟ್ಟ ಒಂದು ಚರಣವನ್ನೂ ಉದ್ದ ಆಗುತ್ತೆ ಅಂತ ರೆಕಾರ್ಡಿನಲ್ಲಿ ಬಿಟ್ಟರು. ಗಿಟಾರ್ ಸೋಲೊ ಮಾತ್ರ ಬಿಡಲಿಲ್ಲ.

ಕ್ಲೈಡ್ ದಂಡೆ
ಯಾರ ಹತ್ತಿರವಾದರೂ 'ಫೇರಿಟೇಲ್' ಬ್ರಿಟಿಷ್ ಪ್ರತಿ ಎರಡೆರಡು ಇದೆಯಾ? ಅಮೆರಿಕದ್ದು ಬೇಡ, ಅದರಲ್ಲಿ ಜಾನ್ಶ್ ಹಾಡು ತೆಗೆದು 'ಯುನಿವರ್ಸಲ್ ಸೋಲ್ಜರ್' ಹಾಕಿದ್ದಾರೆ. 25ರ ತನಕ ಕೊಡ್ತೀನಿ.

ಎರಡು ಮಕ್ಕಳ ತಾಯಿ
ನನ್ನ ಹತ್ತಿರ ಇದೆ. ದುಡ್ಡು ಬೇಡ. ನೀವು ಮಾರಿದ ಏಳರಲ್ಲಿ ಆ ಡಬ್ಬದ ಸೆಟ್ ಇತ್ತಾ? ಇದ್ದರೆ ನೆನಪು ಮಾಡಿಕೊಳ್ಳಿ, ಹಾಳೆಗಳನ್ನು ಅದರ ಜೊತೆಗೇ ಕೊಟ್ಟಿರಾ, ಇಲ್ಲಾ ಮನೆಯಲ್ಲೇ ಎಲ್ಲಾದರೂ ಉಳಿದಿವೆಯಾ?