ಹಿನ್ನೀರಿನ ಹೂಳುನೆಲದಲ್ಲಿ ಏಡಿ ಬಿಲ, ಕುರಿ ಗೊರಸು: ಸವಕಳಿ ಅಳೆಯೋದು ಹೇಗೆ?

ಮುನಿರಾಬಾದ್_ಮಣ್ಣು:
ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಇಳಿದಾಗ ಕೊಪ್ಪಳ ಕಡೆ ಬಯಲಾಗುವ ಹೂಳುನೆಲದ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಬೇಕು. ನೀರಂಚಿನಲ್ಲಿ ಏಡಿ ಬಿಲ, ಅದರ ಮೇಲ್ಗಡೆ ಕುರಿ ಹಿಂಡು. ಸಮುದ್ರದಂಚಿನ ಕೆಸರುಬಯಲಿನ ಬಗ್ಗೆ ಓದಿದರೆ ಪ್ರಾಣಿಗಳು ಕೆಸರನ್ನು ಸಡಿಲ ಮಾಡುತ್ತವೆ ಅಂತಲೂ ಇದೆ, ಗಟ್ಟಿ ಮಾಡುತ್ತವೆ ಅಂತಲೂ ಇದೆ. ಯಾವುದು ಸರಿ? ಕಡಿಮೆ ಖರ್ಚಿನಲ್ಲಿ ಅಳೆಯೋದು ಹೇಗೆ?

ಅಳಿವೆ_ಕೆಸರು:
ಎರಡೂ ಸರಿ. ಯಾವ ಪ್ರಾಣಿ, ಎಷ್ಟು ಒತ್ತಾಗಿದೆ ಅನ್ನೋದನ್ನು ನೋಡಬೇಕು. ಕೆಸರಿನ ಮೇಲಿನ ಒಂದೆರಡು ಮಿಲಿಮೀಟರ್‌ನಲ್ಲಿ ಡಯಾಟಮ್ ಪಾಚಿಗಳು ಅಂಟು ಸುರಿಸಿ ಕಣಗಳನ್ನು ಹಿಡಿದಿಡುತ್ತವೆ. ಹೈಡ್ರೋಬಿಯಾದಂಥ ಪುಟ್ಟ ಬಸವನಹುಳು ಆ ಪೊರೆಯನ್ನೇ ಮೇಯುತ್ತೆ; ಅದರ ಹಿಕ್ಕೆ ಸಣ್ಣ ಅಲೆಗೂ ಉರುಳಿ ಹೋಗುತ್ತೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಇದರ ತಿರುವುಮುರುವು ಕಂಡಿದೆ: ವಲಸೆ ಬಂದ ಸ್ಯಾಂಡ್‌ಪೈಪರ್ ಹಕ್ಕಿಗಳು ಬಿಲ ತೋಡುವ ಕೊರೊಫಿಯಂ ಅನ್ನೋ ಸೀಗಡಿಯಂಥ ಜೀವಿಯನ್ನು ತಿಂದು ಕಡಿಮೆ ಮಾಡಿದಾಗ ಡಯಾಟಮ್ ಹೆಚ್ಚಿತು, ಕೆಸರು ಬಿಗಿಯಾಯಿತು. ಕೊಳವೆ ಕಟ್ಟುವ ಹುಳುಗಳ ಕಥೆ ಬೇರೆ. ವಿರಳವಾಗಿದ್ದರೆ ಪ್ರತಿ ಕೊಳವೆಯ ಬುಡದಲ್ಲಿ ನೀರು ಸುಳಿದು ಮಣ್ಣು ಕೆದಕುತ್ತೆ. ಒತ್ತಾಗಿದ್ದರೆ ನೀರಿನ ರಭಸ ನೆಲಕ್ಕೆ ತಾಗೋದೇ ಇಲ್ಲ.

ಆದರೆ ಇದನ್ನು ತುಂಗಭದ್ರೆಗೆ ಹಾಗೇ ಹಚ್ಚಬೇಡಿ. ಸಮುದ್ರದಂಚಿನಲ್ಲಿ ನೀರು ದಿನಕ್ಕೆರಡು ಸಲ ಏರಿಳಿಯುತ್ತೆ, ಪೊರೆ ಒಣಗೋಕೆ ಪುರುಸೊತ್ತಿಲ್ಲ. ನಿಮ್ಮ ನೆಲ ತಿಂಗಳುಗಟ್ಟಲೆ ಒಣಗಿ ಬಿರುಕು ಬಿಡುತ್ತೆ. ಪೊರೆಯ ಲೆಕ್ಕ ನೀರಂಚಿನ ಒದ್ದೆ ಪಟ್ಟಿಗೆ ಮಾತ್ರ. ಮೇಲಿನ ಒಣ ಪಟ್ಟಿಯಲ್ಲಿ ಕುರಿ ಹುಲ್ಲು ಬೋಳಿಸುತ್ತೆ, ಗೊರಸು ಒಣಗಿ ಗಟ್ಟಿಯಾದ ಮೇಲ್ಪದರವನ್ನು ಪುಡಿ ಮಾಡುತ್ತೆ. ಆ ಪುಡಿ ಮೊದಲ ಮಳೆಗೋ ನೀರು ಏರುವಾಗಿನ ಅಲೆಗೋ ಎದ್ದು ಹೋಗುತ್ತೆ. ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿಯೇ ಅಳೆಯಿರಿ.

ಕರಿಮಣ್ಣು_ಸಿಂಧನೂರು:
ಅಳತೆ ಹಿಂಗ ಮಾಡ್ರಿ. 2×2 ಮೀಟರ್ ತುಂಡು, ಮೂರು ನಮೂನಿ: ಪೂರ್ತಿ ಬೇಲಿ, ಬೇಲಿ ಇಲ್ಲದ್ದು, ಎರಡು ಬದಿ ತೆರೆದ ಅರ್ಧ ಬೇಲಿ. ಒಂದೊಂದಕ್ಕೂ ಕನಿಷ್ಠ ನಾಲ್ಕು ತುಂಡು. ಅರ್ಧ ಬೇಲಿ ಬಿಡಬ್ಯಾಡ್ರಿ. ಬೇಲಿನೇ ಅಲೆ ತಡದು ಹೂಳು ಕೂಡಿಸತೈತಿ, ಅದನ್ನ ಕುರಿ ಇಲ್ಲದ ಗುಣ ಅಂತ ತಪ್ಪು ತಿಳಿಯೋ ಸಾಧ್ಯತೆ ಐತಿ. ಎಲ್ಲಾ ತುಂಡೂ ಒಂದೇ ಮಟ್ಟದಾಗ ಇರಲಿ. ಜಲಾಶಯದ 1,633 ಅಡಿ ಪೂರ್ಣಮಟ್ಟದಿಂದ ಎಷ್ಟು ಕೆಳಗ ಐತಿ ಬರದಿಡ್ರಿ, ನೆಲ ಎಷ್ಟು ದಿನ ಬಯಲಾಗಿರತೈತಿ ಅನ್ನೋದು ಅದರ ಮ್ಯಾಲೆ ನಿಂತೈತಿ. ಉಳುಮೆ ಆದ ಜಾಗ ಬ್ಯಾಡ. ನೇಗಿಲಿನ ಮುಂದ ಏಡಿ ಯಾವ ಲೆಕ್ಕ?

ಮಣ್ಣು ಎಷ್ಟು ಸವೀತು ಅಂತ ನೋಡಾಕ ತುಂಡಿನಾಗ 6 ಮಿ.ಮೀ. ಸರಳು, 1 ಮೀಟರ್ ಉದ್ದ, 80 ಸೆಂ.ಮೀ. ಒಳಗ ಹೊಡೀರಿ, ನೆಲದ ಮ್ಯಾಲೆ ಕಾಣೋ ಉದ್ದ ಆಗಾಗ ಅಳೀರಿ. ಗಿಡ್ಡ ಸರಳು ಹಾಕಿದ್ರ ಮಣ್ಣು ಉಬ್ಬಿ ಕುಗ್ಗಿದಂಗ ಅದೂ ಏರಿಳಿತೈತಿ, ಸವಕಳಿ ಅಲ್ಲದ್ದು ಸವಕಳಿ ಅಂತ ಕಾಣತೈತಿ. ಅದಕ್ಕ ಒಣಗಿದಾಗಿನ ಅಳತೆಯನ್ನ ಒಣಗಿದಾಗಿನದಕ್ಕೇ ಹೋಲಿಸ್ರಿ. ತುದಿಗೆ ಬಣ್ಣ ಹಚ್ಚ್ರಿ, ಹಂಗೂ ಒಂದಷ್ಟು ಗುಜರಿಗೆ ಹೋಗ್ತಾವ, ಹೆಚ್ಚಿಗೆ ಇಟ್ಕೊಳ್ರಿ.

ಒದ್ದೆ ಪಟ್ಟಿಗೆ 110 ಮಿ.ಮೀ. ಪಿವಿಸಿ ಪೈಪಿನಾಗ ಮಣ್ಣು ಅಲುಗದಂಗ ತಗೀರಿ. ಮ್ಯಾಲೆ ಮೆಲ್ಲಕ 10 ಸೆಂ.ಮೀ. ನೀರು ಹಾಕಿ, ಮಣ್ಣಿನಿಂದ 5 ಸೆಂ.ಮೀ. ಮ್ಯಾಲೆ ಸಣ್ಣ ಮೋಟಾರಿನ ರೆಕ್ಕೆ ತಿರುಗಿಸ್ರಿ. ಐದೈದು ನಿಮಿಷಕ್ಕ ವೇಗ ಏರಿಸಿ, ಪ್ರತಿ ಹಂತದಾಗ 50 ಮಿ.ಲೀ. ನೀರು ತಗದು ಸೋಸಿ, 105 ಡಿಗ್ರಿಯಾಗ ಒಣಗಿಸಿ ತೂಗ್ರಿ. ತಗದಷ್ಟು ನೀರು ವಾಪಸ್ ಹಾಕ್ರಿ. ಹಿನ್ನೀರನ್ನೇ ಬಳಸ್ರಿ, ಡಿಸ್ಟಿಲ್ಡ್ ನೀರಿನಾಗ ಉಪ್ಪಿನಂಶ ಇರಂಗಿಲ್ಲ, ಜೇಡಿ ತಾನಾಗಿಯೇ ಚದುರಿ ಕದಡತೈತಿ. ರೆಕ್ಕೆಯ ವೇಗಕ್ಕ ಎಷ್ಟು ಬಲ ಅಂತ ಮೊದಲ ಅಳದು ನೋಡದ (ಕ್ಯಾಲಿಬ್ರೇಷನ್ ಇಲ್ಲದ) ನೀರು ನೆಲಕ್ಕ ಉಜ್ಜೋ ಬಲ ಇಷ್ಟು ಪಾಸ್ಕಲ್ ಅಂತ ಬರೀಬ್ಯಾಡ್ರಿ, ಯಾವ ವೇಗಕ್ಕ ಕದಡಿತು ಅಂತ ಹೋಲಿಸಿದ್ರ ಸಾಕು.

ಮುನಿರಾಬಾದ್_ಮಣ್ಣು:
ಥ್ಯಾಂಕ್ಸ್ ಸರ್. ಬಿಲ ಎಣಿಸಿದರೆ ಏಡಿ ಎಣಿಸಿದಂತಾಗುತ್ತಾ? ಜಲಾಶಯದ ಹೂಳಿನ ಸಮಸ್ಯೆಗೂ ಇದನ್ನು ಜೋಡಿಸಬಹುದಾ?

ಅಳಿವೆ_ಕೆಸರು:
ಆಗಲ್ಲ. ಬಿಟ್ಟುಹೋದ ಬಿಲ ಇರುತ್ತೆ, ಒಂದೇ ಬಿಲಕ್ಕೆ ಎರಡು ಬಾಯಿಯೂ ಇರಬಹುದು. ಸಂಜೆ ಬಾಯಿಗಳನ್ನು ಮೆತ್ತಗೆ ಮುಚ್ಚಿ, ಬೆಳಿಗ್ಗೆ ತೆರೆದವನ್ನು ಮಾತ್ರ ಎಣಿಸಿ. ಬಿಲದ ಗಾತ್ರ ಬೇಕಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಗಟ್ಟಿಯಾದ ಮೇಲೆ ಅಗೆದು ತೆಗೆಯಿರಿ. ತಳದಲ್ಲಿ ನೀರು ನಿಂತಿದ್ದರೆ ಅಚ್ಚು ಅಲ್ಲಿ ತೆಳುವಾಗಿ ಮುರಿಯುತ್ತೆ. ಏಡಿಯನ್ನು ಮೊದಲು ಹೊರಗೆ ಹಾಕಿ.

ಹೂಳಿನ ಮಾತಿಗೆ ಬಂದರೆ, ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105.788ಕ್ಕೆ ಇಳಿದದ್ದು ಮೇಲಿನ ಜಲಾನಯನದಿಂದ ಹರಿದುಬಂದ ಮಣ್ಣಿನಿಂದ. ಏಡಿ, ಕುರಿ ಹೊಸ ಹೂಳು ತರೋದಿಲ್ಲ, ದಂಡೆಯಲ್ಲಿ ಕೂತದ್ದನ್ನು ಆಳಕ್ಕೆ ಸರಿಸಬಹುದು ಅಷ್ಟೇ. ಪ್ರಾಜೆಕ್ಟ್ ಶೀರ್ಷಿಕೆಯಲ್ಲಿ 'ಹೂಳಿಗೆ ಕಾರಣ' ಅಂತ ಹಾಕಬೇಡಿ, 'ಹೂಳಿನ ಮರುಚಲನೆ' ಅಂತ ಹಾಕಿ.