ಮಿಂಟ್ ಹಾಕಿದೆ, ವೈಫೈ ಇಲ್ಲ, ಗಡಿಯಾರ ತಪ್ಪು, ನುಡಿ ಫೈಲು ಗೊಜಲು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಬಸವನಗುಡಿಯಿಂದ

ಎಲ್ಲರಿಗೂ ನಮಸ್ಕಾರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಹಳೇ ಲ್ಯಾಪ್‌ಟಾಪ್ 11ಕ್ಕೆ ಆಗಲ್ಲ ಅಂತ ಗೊತ್ತಾಯಿತು. ಬಿಸಾಡಲು ಮನಸ್ಸಾಗದೆ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ಬೇಗ ಆನ್ ಆಗುತ್ತದೆ, ನೋಡೋಕೂ ಚೆನ್ನಾಗಿದೆ. ಆದರೆ ವೈಫೈ ಪಟ್ಟಿಯೇ ಬರುತ್ತಿಲ್ಲ. ವಿಂಡೋಸ್‌ಗೆ ವಾಪಸ್ ಹೋದರೆ ಗಡಿಯಾರ ತಪ್ಪಾಗಿರುತ್ತದೆ. ಡಿ ಡ್ರೈವ್ ತೆರೆಯುತ್ತದೆ, ಏನೂ ಸೇವ್ ಮಾಡಲು ಬಿಡುವುದಿಲ್ಲ. ಅಪ್ಪ 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿಟ್ಟ ಫೈಲುಗಳು ಗೊಜಲಾಗಿ ಕಾಣುತ್ತವೆ. ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್ ಕೂಡ ಇದೆ, ಅದು ಸುಮ್ನೆ ಕೂತಿದೆ. ಅಕ್ಕನ ಮಗ "ಎಲ್ಲಾ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಚಿಕ್ಕಮ್ಮ" ಅನ್ನುತ್ತಿದ್ದಾನೆ. ಮಾಡಲಾ?

ರಾಜಾಜಿನಗರದಿಂದ

ಬೇಡ ಮೇಡಂ. ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಹಾಕಿದರೆ ವೈಫೈ ಇಲ್ಲದ ಅದೇ ಮಿಂಟ್ ಮತ್ತೆ ಬರುತ್ತದೆ, ಅಷ್ಟೇ. ನೀವು ಹೇಳಿದ ಐದೂ ಬೇರೆ ಬೇರೆ ತೊಂದರೆಗಳು. ಒಂದೊಂದಾಗಿ ಬಿಡಿಸಿ.

ಮೊದಲು ನೆಟ್ ಬರಲಿ. ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಏನೂ ಬೇಕಿಲ್ಲ, ಸಾಮಾನ್ಯವಾಗಿ ತಕ್ಷಣ ನೆಟ್ ಬರುತ್ತದೆ. ಆಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಒಳಗಿರುವುದು ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಆಗಿದ್ದರೆ ಅದಕ್ಕೆ ಬೇಕಾದ್ದನ್ನು ಹೆಚ್ಚಾಗಿ ಅದೇ ತೋರಿಸುತ್ತದೆ.

ಇಲ್ಲೊಂದು ಕಡೆ ಎಚ್ಚರ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರನ್ನು ಶುರುವಿನಲ್ಲೇ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳುತ್ತದೆ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬರುತ್ತದೆ. ನೋಡಿದವರು ಗಾಬರಿಯಾಗಿ ಎಂಟರ್ ಒತ್ತಿ ದಾಟಿಬಿಡುತ್ತಾರೆ. ದಾಟಬಾರದು. ಅದರಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ದಾಟಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದ ಹಾಗೆ.

ಯಲಹಂಕದಿಂದ

ಗಡಿಯಾರ ಎಷ್ಟು ಹಿಂದಿದೆ ನೋಡಿ. ಐದೂವರೆ ಗಂಟೆ ಅಲ್ವಾ? ಲಿನಕ್ಸ್ ಯಂತ್ರದೊಳಗಿನ ಗಡಿಯಾರದಲ್ಲಿ ಯುಟಿಸಿ, ಅಂದರೆ ಜಾಗತಿಕ ಸಮಯ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮೂರಿನ ಸಮಯ ಅಂದುಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತೂವರೆಗೆ ಅದು ಐದು ಗಂಟೆ ತೋರಿಸುತ್ತದೆ. ಬ್ಯಾಟರಿ ಸೆಲ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಟೈಮ್‌ಡೇಟ್‌ಸಿಟಿಎಲ್ ಅನ್ನುವ ಕಮಾಂಡ್‌ನಿಂದ 'ಲೋಕಲ್ ಆರ್‌ಟಿಸಿ' ಆನ್ ಮಾಡಿದರೆ ಎರಡೂ ಒಂದೇ ಸಮಯ ಹೇಳುತ್ತವೆ. ಒಂದು ಎಚ್ಚರಿಕೆ ಸಂದೇಶ ತೋರಿಸುತ್ತದೆ. ಎರಡೂ ಸಿಸ್ಟಂ ಇಟ್ಟುಕೊಂಡವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಡಿ ಡ್ರೈವ್ ಸೇವ್ ಆಗದಿರುವುದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಡ್ರೈವ್ ಇನ್ನೂ ಅದರ ಕೈಯಲ್ಲಿದೆ ಅಂತ ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಅದು ಒಳ್ಳೆಯದೇ. ಬಲವಂತವಾಗಿ ಬರೆದರೆ ಫೈಲುಗಳು ಹಾಳಾಗಬಹುದು. ವಿಂಡೋಸ್‌ಗೆ ಹೋಗಿ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿ ಶಟ್‌ಡೌನ್ ಕೊಡಿ.

ಇನ್ನೊಬ್ಬರು, ಜಾಗ ಹೇಳಿಲ್ಲ

ಇಷ್ಟೆಲ್ಲಾ ಯಾಕೆ ಗುರು? ಎರರ್ ಬಂದರೆ ಕಾಪಿ ಮಾಡಿ ಹುಡುಕಿ, ಸಿಕ್ಕಿದ ಕಮಾಂಡ್ ಪೇಸ್ಟ್ ಮಾಡಿ. ನಾನು ಅಷ್ಟೇ ಮಾಡೋದು.

ರಾಜಾಜಿನಗರದಿಂದ

ಹುಡುಕೋದು ಸರಿ. ಸುಡೋ (ಇಡೀ ಸಿಸ್ಟಂ ಬದಲಿಸುವ ಅಧಿಕಾರ ಕೊಡುವ ಪದ) ಅಂತ ಶುರುವಾಗುವ ಕಮಾಂಡನ್ನು ಓದದೆ ಪೇಸ್ಟ್ ಮಾಡೋದು ಸರಿಯಲ್ಲ. ಒಂದು ಉದಾಹರಣೆ ಹೇಳ್ತೀನಿ. ಸಾಫ್ಟ್‌ವೇರ್ ಹಾಕುವಾಗ 'ಲಾಕ್ ಸಿಗಲಿಲ್ಲ' ಅಂತ ಬರುತ್ತದೆ. ಲಾಕ್ ಫೈಲನ್ನೇ ಅಳಿಸಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಸಾಮಾನ್ಯವಾಗಿ ಆಗ ಹಿಂದೆ ಅಪ್‌ಡೇಟ್ ನಡೀತಿರುತ್ತದೆ. ಅದನ್ನು ಅರ್ಧಕ್ಕೆ ಕೆಡಿಸಿದರೆ ಇಡೀ ಸಿಸ್ಟಂ ಅತಂತ್ರ. ಕಾಫಿ ಕುಡಿದು ಬನ್ನಿ, ತಾನಾಗಿಯೇ ಬಿಡುತ್ತದೆ. ಮೇಡಂ, ಯಾವುದಕ್ಕೂ ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ (ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಂನ ಪ್ರತಿ) ತೆಗೆದಿಡಿ, ಮಿಂಟ್‌ನಲ್ಲೇ ಇದೆ. ನಿಮ್ಮ ಫೋಟೋ, ಪತ್ರಗಳನ್ನು ಮಾತ್ರ ಬೇರೆ ಕಡೆ ಉಳಿಸಿಕೊಳ್ಳಿ. ಟೈಮ್‌ಶಿಫ್ಟ್ ಸಿಸ್ಟಂ ಫೈಲುಗಳಿಗೆ ಅಂತಲೇ ಇರುವುದು. ಮತ್ತೆ, ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣದಿದ್ದರೆ ಕೀಬೋರ್ಡ್ ಕೆಟ್ಟಿಲ್ಲ. ಎಷ್ಟೋ ಲಿನಕ್ಸ್‌ಗಳಲ್ಲಿ ಅದು ಇರುವುದೇ ಹಾಗೆ.

ಚಾಮರಾಜಪೇಟೆಯಿಂದ

ನಾನು ಡಿಟಿಪಿ ಮಾಡುವವನು, ಕನ್ನಡದ ಬಗ್ಗೆ ಹೇಳ್ತೀನಿ. ನಿಮ್ಮ ತಂದೆಯವರ ಫೈಲುಗಳು ಹಾಳಾಗಿಲ್ಲ. ಹಳೇ ನುಡಿಯಲ್ಲಿ ಯೂನಿಕೋಡ್ (ಎಲ್ಲ ಭಾಷೆಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಹೊಡೆದಿರುತ್ತಾರೆ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದಿದ್ದರೆ ತಲೆಯ ಮೇಲೆ ಗೆರೆ, ಚುಕ್ಕಿ ಇರುವ ರೋಮನ್ ಅಕ್ಷರಗಳೇ ಕಾಣುತ್ತವೆ. ಸುಮ್ನೆ ಓದಲು, ಪ್ರಿಂಟ್ ತೆಗೆಯಲು ಆದರೆ ವಿಂಡೋಸ್‌ನಲ್ಲಿರುವ ಆ ನುಡಿ ಫಾಂಟ್ ಫೈಲನ್ನು ಮಿಂಟ್‌ಗೆ ತಂದು, ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಸಾಕು. ತಿದ್ದಬೇಕು, ಹುಡುಕಬೇಕು ಅಂದರೆ ಯೂನಿಕೋಡ್‌ಗೆ ಬದಲಿಸಲೇಬೇಕು. ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ, ಜಾಸ್ತಿ ತಪ್ಪುವುದು ಅಲ್ಲೇ.

ಹೊಸದಾಗಿ ಟೈಪ್ ಮಾಡಲು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಹಾಕಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್‌ನ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತಿರುತ್ತದೆ. ನುಡಿಯಲ್ಲಿ ಕೂತಿರುವ ಕೈಗೆ ಅದೇ ಕೀಲಿಮಣೆ ವಿನ್ಯಾಸ. ಕೆ, ಎಫ್, ಕೆ ಒತ್ತಿದರೆ ಕ್ಕ. ತಂದೆಯವರು ಹೊಸದಾಗಿ ಕಲಿಯಬೇಕಾಗಿಲ್ಲ.

ಯಲಹಂಕದಿಂದ

ಪ್ರಿಂಟರ್ ಬಗ್ಗೆ ಯಾರೂ ಹೇಳಲಿಲ್ಲ. 1020 ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ (ಪ್ರಿಂಟರಿನೊಳಗೆ ಓಡುವ ಪ್ರೋಗ್ರಾಂ) ಕಳಿಸಬೇಕು. ಲಿನಕ್ಸ್‌ನಲ್ಲಿ ಎಚ್‌ಪಿ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್ ಎಚ್‌ಪಿಲಿಪ್ ಜೊತೆಗೆ ಅದರ ಪ್ಲಗಿನ್ ಕೂಡ ಹಾಕಿದರೇ ಅದು ಮಾತು ಕೇಳುವುದು. ಎಚ್‌ಪಿಲಿಪ್ ಹೊಸ ಆವೃತ್ತಿಗೆ ಹೋದರೆ ಪ್ಲಗಿನ್ನನ್ನೂ ಅದೇ ಆವೃತ್ತಿಗೆ ತರಬೇಕು. ಅಪ್‌ಡೇಟ್ ಆದ ಮೇಲೆ ಪ್ರಿಂಟ್ ನಿಂತರೆ ಮೊದಲು ಅದನ್ನೇ ನೋಡಿ.

ವೈಫೈ ಏನು ಮಾಡಿದರೂ ಬರದಿದ್ದರೆ ಎಸ್‌ಪಿ ರಸ್ತೆಯಲ್ಲಿ ಚಿಕ್ಕ ಯುಎಸ್‌ಬಿ ವೈಫೈ ತಗೊಳ್ಳಬಹುದು. ಲ್ಯಾಪ್‌ಟಾಪ್ ಜೊತೆಗೇ ಒಯ್ದು, ಅಂಗಡಿಯಲ್ಲೇ ಸಿಕ್ಕಿಸಿ ನೋಡಿ ದುಡ್ಡು ಕೊಡಿ. ಡಬ್ಬದ ಮೇಲೆ ಮಾಡೆಲ್ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು.