ಸಹಾಯ ಬೇಕು: ಹಂದಿಗಳ ಬಾಲ ಕಚ್ಚಾಟ, ಮೆಕ್ಕೆಜೋಳದ ರವದಿ (ಒಣ ಸಿಪ್ಪೆ, ಗರಿ) ಕೊಟ್ಟು ನೋಡಿದವರು ಇದ್ದೀರಾ?

ನಮಸ್ಕಾರ್ರೀ. ಶೆಡ್ ರಾಣೆಬೆನ್ನೂರು ಕಡೆ, ಕಾಂಕ್ರೀಟ್ ನೆಲ, ಲಾರ್ಜ್ ವೈಟ್ ಯಾರ್ಕ್‌ಷೈರ್ ತಳಿ. 40–50 ಕೆಜಿಯ ಹಂದಿ, ಕೋಣೆಗೆ 12. ಎರಡರ ಬಾಲದ ತುದಿ ಹಸಿಗಾಯ ಆಗಿದೆ. ರಕ್ತದ ರುಚಿ ಹತ್ತಿದರೆ ಉಳಿದವೂ ಮುಗಿಬೀಳುತ್ತವೆ, ಅದಕ್ಕೇ ಗಾಯದವನ್ನೂ ಕಚ್ಚುವ ಒಂದನ್ನೂ ಕಟ್ಟಿಹಾಕದೆ ಬೇರೆ ಬೇರೆ ಕೋಣೆಯಲ್ಲಿ ಬಿಟ್ಟಿದೆ. ಗಾಯಕ್ಕೆ ಪೊವಿಡೋನ್ ಅಯೋಡಿನ್ ನಡೆದಿದೆ.

ತಲೆಗೆ 10 ಚದರ ಅಡಿ ಜಾಗ ಇದೆ. ನೀರು ಕುಡಿಯುವ ನಿಪ್ಪಲ್ 2, ತಲಾ ನಿಮಿಷಕ್ಕೆ 1 ಲೀಟರ್ ನೀರು. ಆಹಾರದಲ್ಲಿ ಉಪ್ಪೂ ಸರಿ. ಉಳಿದ ಕಾರಣ ಒಂದೇ, ಮೂತಿಗೆ ಕೆಲಸವಿಲ್ಲ. ಕೆದಕಲು ಏನೂ ಇಲ್ಲದಿದ್ದರೆ ಪಕ್ಕದ್ದರ ಬಾಲವೇ ಆಟಿಕೆ. ಸರಪಳಿ ತೂಗುಹಾಕಿದರೆ ಬೇಗ ಬೇಜಾರು. ಹಳೇ ಟೈರು ಕೊಟ್ಟರೆ ಅದರ ತಂತಿ ಬಾಯಿ ಕುಯ್ಯುತ್ತದೆ. ಬಾಲ ಕತ್ತರಿಸಿ ಅನ್ನಬೇಡ್ರಿ, ಕಾರಣ ಹಾಗೇ ಉಳಿಯುತ್ತದೆ.

ಭತ್ತದ ಹುಲ್ಲು ಗಟಾರಕ್ಕೆ ಇಳಿದು ಕಟ್ಟಿಕೊಳ್ಳುತ್ತದೆ. ರವದಿಯನ್ನು ಗೋಡೆಗೆ ಕಬ್ಬಿಣದ ಜಾಳಿಗೆಯಲ್ಲಿ ತುಂಬಿ ಕೊಡುವವರು ಇದ್ದರೆ ಹೇಳಿ: ಸರಳಿನ ಸಂದು ಎಷ್ಟು ಇಂಚು, ನೆಲದಿಂದ ಎತ್ತರ ಎಷ್ಟು, 12ಕ್ಕೆ ದಿನಕ್ಕೆ ಎಷ್ಟು ಕೆಜಿ ಬೇಕು? ಹಾವೇರಿ ಸುತ್ತ ಒಣ ರವದಿ ಇದ್ದವರು ಟ್ರ್ಯಾಕ್ಟರ್ ಲೆಕ್ಕದಲ್ಲಿ ದರ ತಿಳಿಸಿ. ಮಳೆಗೆ ನೆಂದು ಬೂಷ್ಟು ಹಿಡಿದದ್ದು ಬೇಡ. ಬೂಷ್ಟಿನ ವಿಷಕ್ಕೆ ಹೆಣ್ಣು ಮರಿಗಳ ಯೋನಿ ಊದಿಕೊಳ್ಳುತ್ತದೆ.